ಮಾಡೂಣು

"ವೈನಿ, ಮಣ್ಣಾಗ ಏನ್ ಹುಡುಕಾಕ ಹತ್ತೀರಿ?" ಕಂಪೌಂಡಿನ ಆಚೆ ಸ್ಕೂಟರ್ ನಿಲ್ಲಿಸಿ ಮಾರ್ತಾಂಡ ಕೇಳಿದ. ಮೇಲಿನ ಮನೆಯವನು, ವಿಜಯಪುರದ ಕಡೆಯವನು. ಪುಣೆಯ ಕೋಥರೂಡಿನ ಈ ಹೌಸಿಂಗ್ ಸೊಸೈಟಿಯಲ್ಲಿ ಕನ್ನಡ ಮಾತಾಡುವ ಮನೆಗಳೇ ಎರಡು.

"ಹುಡುಕೂದೇನಿಲ್ರಿ, ಕಮಾನಿಗೆ ಕಂಬ ನಿಲ್ಲಸೂದದ." ತ್ರಿವೇಣಿ ಗುದ್ದಲಿ ಊರಿಕೊಂಡು ಸೆರಗಿನಿಂದ ಬೆವರೊರೆಸಿದಳು. "ಇಲ್ಲಿಂದ ಹಿಂದಿನ ಬಾಗಲತನಕ ಕೃಷ್ಣಕಮಲದ ಬಳ್ಳಿ ಹಬ್ಬಸ್ತೀನಿ. ಇಂಗ್ಲೆಂಡಿನ್ಯಾಗ ನೋಡಿ ಬಂದೀನಲ್ಲ, ಹಂಗ."

ಮಾರ್ತಾಂಡ ನಗಲಿಲ್ಲ. "ಈಗ್ಯಾಕ್ರಿ ಇದೆಲ್ಲಾ? ದೀಪಾವಳಿ ಮುಗದ ಮ್ಯಾಲೆ ಬಿಲ್ಡಿಂಗ ಕೆಡವತಾರಲ್ಲ."

ಹಳೆಯ ಕಟ್ಟಡ ಕೆಡವಿ ಗಗನಚುಂಬಿ ಎಬ್ಬಿಸುತ್ತೇನೆಂದು ಬಿಲ್ಡರೊಬ್ಬ ವರ್ಷಗಳಿಂದ ಬೆನ್ನು ಬಿದ್ದಿದ್ದ. ಕಟ್ಟಡದವರೆಲ್ಲ ಅರೆಮನಸ್ಸಿನಲ್ಲಿದ್ದರು, ಖಡಾಖಂಡಿತ ಒಲ್ಲೆ ಎಂದವಳು ತ್ರಿವೇಣಿ ಒಬ್ಬಳೇ. ನೆಲಮಹಡಿಯ ಹಿಂದಿನ ಈ ಅಂಗೈಯಗಲದ ಜಾಗ ಹೋದರೆ ಅವಳಿಗೆ ಪುಣೆಯಲ್ಲಿ ಉಳಿಯುವುದೇನು?

"ನಾವು ಒಪ್ಪಿಲ್ಲಲ್ರಿ," ಎಂದಳು.

"ನಿಮ್ಮ ಶಿವಪ್ರಕಾಶ ಒಪ್ಪಿದ ಮ್ಯಾಲೇ ನಾವೆಲ್ಲಾ ಒಪ್ಪಿದ್ದು. ನೀವು ಇಂಗ್ಲೆಂಡಿಗೆ ಹೋಗೂಕಿಂತ ಮೊದಲ, ಮೀಟಿಂಗಿನ್ಯಾಗ ಅವನೇ ಎದ್ದು ನಿಂತು ಹೇಳಿದ. ಗಿಡಾ ಅಂದ್ರ ಜೀವ ನಮ್ಮಾಕಿಗೆ, ಆದ್ರೂ ಒಪ್ಯಾಳ ಅಂದ." ಮಾರ್ತಾಂಡನಿಗೆ ತಾನು ಎಡವಿದ್ದು ಆಗ ಗೊತ್ತಾಯಿತು. ಅವಳ ಮುಖ ನೋಡಲಾಗದೆ ಸ್ಕೂಟರ್ ತಳ್ಳಿಕೊಂಡು ಹೋದ.

ಮದುವೆಯಾದಾಗಿನಿಂದ ಗಂಡ ಶಿವಪ್ರಕಾಶನ ಬಾಯಲ್ಲಿ ತ್ರಿವೇಣಿ ಕೇಳಿದ್ದು ಒಂದೇ ಮಾತು, "ನೋಡೂಣು." ಪರದೆ ಬದಲಿಸೋಣವೆಂದರೆ ನೋಡೂಣು, ತವರಿಗೆ ಹೋಗಿ ಬರೋಣವೆಂದರೆ ನೋಡೂಣು. ಅದರ ಅರ್ಥ ಆಗುವುದಿಲ್ಲ ಎಂದೇ, ಅಷ್ಟು ತಿಳಿಯದಷ್ಟು ಪೆದ್ದಿಯಲ್ಲ ಅವಳು. ಅಂಥ ಮಹಾರಾಯ ಬೇಸಿಗೆಯಲ್ಲಿ ತಾನಾಗಿ ಇಂಗ್ಲೆಂಡಿನ ತೋಟಗಳನ್ನು ತೋರಿಸುತ್ತೇನೆಂದು ಹೊರಡಿಸಿದ್ದ. ಹಿಡ್‌ಕೋಟ್‌ನಲ್ಲಿ ಬೇಲಿಗಳಿಂದ ಕೋಣೆ ಕೋಣೆಯಾಗಿ ಮಾಡಿದ್ದ ತೋಟ ನೋಡಿ, ನಮ್ಮ ಸಣ್ಣ ಜಾಗದಲ್ಲೂ ಹೀಗೆ ಎರಡು ಭಾಗ ಮಾಡೋಣವೇ ಎಂದಳು. "ಮಾಡೂಣು," ಎಂದ. ಸಿಸ್ಸಿಂಗ್‌ಹರ್ಸ್ಟ್‌ನ ಬಿಳಿ ತೋಟದ ಮುಂದೆ, ನಂದಿಬಟ್ಟಲು, ದುಂಡುಮಲ್ಲಿಗೆ, ಸುಗಂಧರಾಜ ಹಚ್ಚಿದರೆ ನಮ್ಮದೂ ಬೆಳ್ಳಗಾಗುತ್ತದೆಂದಳು. "ಮಾಡೂಣು," ಎಂದು ಅವಳ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತ. ಫೋಟೋ ಎಂದರೆ ಮಾರು ದೂರ ಓಡುವವನು ಕಂಡ ಹೂವು, ಕಂಡ ಕಮಾನಿನದೆಲ್ಲ ಫೋಟೋ ತೆಗೆದ. ಈ ವಯಸ್ಸಿನಲ್ಲಿ ಗಂಡ ಬದಲಾದನಲ್ಲ ಎಂದು ಅವಳು ಆ ದಿನ ತಿಂದ ಒಣ ಬ್ರೆಡ್ಡನ್ನೂ ಹಬ್ಬದೂಟದ ಹಾಗೆ ತಿಂದಿದ್ದಳು.

ಕಂಬದ ಗುಂಡಿಯ ಪಕ್ಕದಲ್ಲೇ ನಿಂತು ಗಂಡನನ್ನು ಕರೆದಳು. ಅವನು ಚಹಾದ ಕಪ್ಪು ಹಿಡಿದು ಹೊರಗೆ ಬಂದ.

"ನಾ ಒಪ್ಪೀನಿ ಅಂತ ಹೇಳಿದ್ರಂತ."

ಶಿವಪ್ರಕಾಶ ಕಪ್ಪು ನೋಡುತ್ತ ನಿಂತ. "ಹೇಳಬೇಕಂತ ಮಾಡಿದ್ದೆ. ಅಲ್ಲಿ ನೀ ಭಾಳ ಖುಷಿಯಾಗಿದ್ದಿ, ಬಾಯಿ ಬರಲಿಲ್ಲ." ಆಮೇಲೆ ಸ್ವಲ್ಪ ಧೈರ್ಯ ತಂದುಕೊಂಡ. "ಹೊಸಾ ಬಿಲ್ಡಿಂಗಿನ್ಯಾಗೂ ಗಾರ್ಡನ್ ಇರತದ. ಎಲ್ಲಾರಿಗೂ ಸೇರಿ ಒಂದು, ಪಾರ್ಕಿಂಗಿನ ಮ್ಯಾಲೆ. ನಾ ತಗದ ಫೋಟೋ ಬಿಲ್ಡರಿಗೆ ಕಳಿಸೀನಿ. ಅವರಿಗೆ ಭಾಳ ಹಿಡಿಸ್ಯಾವ."

ಆ ಫೋಟೋಗಳು ತನಗಾಗಿ ಎಂದು ಅವಳು ಇವತ್ತಿನ ತನಕ ನಂಬಿದ್ದಳು. ಅವಳಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಆ ಬೆಂಚಿನ ಮೇಲೆ ಗಂಡನ ಭುಜಕ್ಕೆ ಒರಗಿ ಕೂತಿದ್ದ ಹೆಂಗಸನ್ನು ನೆನೆದು ನಾಚಿಕೆಯಾಯಿತು.

"ಮಣ್ಣು ಹೋಗ್ಲಿ ಬಿಡ್ರಿ," ಎಂದಳು. "ಬಿಲ್ಡಿಂಗ ಎಂದಾದ್ರೂ ಬೀಳೂದ. ಆದ್ರ ಅಲ್ಲಿ ನನ್ನ ಕೈ ಹಿಡದಿದ್ರಲ್ಲ, ಅದರ ಅವಶ್ಯಕತಾ ಇರಲಿಲ್ಲ."

ಅವನು ಕಪ್ಪನ್ನು ಕಟ್ಟೆಯ ಮೇಲಿಟ್ಟು ಗುದ್ದಲಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಅವನು ಒಳಗೆ ಹೋಗುವ ತನಕ ಹಾಗೆಯೇ ನಿಂತಿದ್ದಳು. ಆಮೇಲೆ ಅಗೆದ ಮಣ್ಣನ್ನೆಲ್ಲ ಗುಂಡಿಗೆ ಎಳೆದು, ಅದರ ಮೇಲೆ ಹತ್ತಿ ನಿಂತು, ಅಲ್ಲಿ ಯಾರೂ ಎಂದೂ ಅಗೆದೇ ಇಲ್ಲವೆಂಬಷ್ಟು ಗಟ್ಟಿಯಾಗಿ ತುಳಿದಳು.