ಕೀಲಿ ಯಾರ ಜೇಬಿನಲ್ಲಿ

"ಕಂಬ ಹತ್ತೇ ಬೇಗ! ಮಿಲಿಟರಿಯವನ ಹೆಂಡ್ತಿ ಅಂತ ಕರೆಂಟು ನಿಂಗೆ ಸಲ್ಯೂಟ್ ಹೊಡೆಯುತ್ತೆ ಅಂದ್ಕೊಂಡ್ಯಾ?"

ಕಂಟ್ರಾಕ್ಟರನದು ಬಚ್ಚಲು ಬಾಯಿ. ನಾನು ಕಂಬದ ಬುಡದಲ್ಲಿ ನಿಂತು ಬೆಲ್ಟ್ ಬಿಗಿಯುತ್ತಿದ್ದೆ. ಕಳೆದ ತಿಂಗಳು ಇದೇ ಬೆಲ್ಟ್ ಕಟ್ಟಿಕೊಂಡು ಹತ್ತಿದ ಹೆಲ್ಪರ್ ಮೇಲೆಯೇ ಸುಟ್ಟುಹೋದ. ಕರೆಂಟು ಬೇಕೆಂದು ಪಕ್ಕದ ಕಾರ್ಖಾನೆಯವರು ಕೂಗಾಡಿದರೆಂದು ಕೆಳಗಿದ್ದವನು ಸ್ವಿಚ್ ಹಾಕಿಬಿಟ್ಟಿದ್ದ. ಸೊಂಟಕ್ಕೆ ಬರುವ ಕಡೆ ಬೆಲ್ಟಿನ ಚರ್ಮ ಕರಕಲಾಗಿದೆ. ಅದನ್ನೇ ಒರೆಸಿ ನನಗೆ ಕೊಟ್ಟರು.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಲೈನ್ ಬಂದ್ ಮಾಡಿ, ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿ, ಕಂಬ ಹತ್ತುವವರೇ ಕೀಲಿಯನ್ನು ಜೇಬಿಗಿಳಿಸಬೇಕು. ಇಳಿದು ಬಂದವರೇ ಬೀಗ ತೆಗೆಯಬೇಕು. ಹಿಂದಿನ ರಾಜ್ಯದಲ್ಲಿ ನಾನು ಲೈಸೆನ್ಸ್ ಇದ್ದ ವೈರ್‌ಮನ್. ಹೆಂಗಸಾದರೂ ಹಾಗೇ ಕರೆಯುತ್ತಿದ್ದರು. ಗಂಡನಿಗೆ ವರ್ಗವಾಯಿತು, ಗಂಟುಮೂಟೆ ಕಟ್ಟಿ ಬಂದೆವು. ಆ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲವಂತೆ. ಲೈಸೆನ್ಸ್ ಕಚೇರಿಯವನು ತಲೆ ಎತ್ತದೆ, "ಎರಡು ವರ್ಷ ಹೆಲ್ಪರ್ ಆಗಿ ದುಡೀರಿ, ಆಮೇಲೆ ಪರೀಕ್ಷೆ" ಅಂದ. ಅಷ್ಟರಲ್ಲಿ ನಮಗೆ ಮತ್ತೆ ವರ್ಗವಾಗಿರುತ್ತದೆ. ಗಂಡನ ಬಂದೂಕು ಎಲ್ಲ ರಾಜ್ಯದಲ್ಲೂ ನಡೆಯುತ್ತದೆ, ನನ್ನ ಇಕ್ಕಳ ಮಾತ್ರ ಗಡಿ ದಾಟುವುದಿಲ್ಲ.

ಇಲ್ಲಿ ಲೈಸೆನ್ಸ್ ಇರುವುದು ಕಂಟ್ರಾಕ್ಟರನ ಭಾಮೈದನಿಗೆ. ಅವನು ಕಂಬ ಹತ್ತಿದ್ದನ್ನು ಕಂಡವರಿಲ್ಲ. ಸ್ವಿಚ್ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೀಲಿಯನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತಿದ್ದ. ಕಳೆದ ತಿಂಗಳು ಸ್ವಿಚ್ ಹಾಕಿದ್ದೂ ಅವನೇ.

"ಕೀಲಿ ಕೊಡಿ ಸಾರ್."

"ಲೈಸೆನ್ಸ್ ಇಲ್ಲದೋಳ ಕೈಗೆ ಕೀಲಿ ಕೊಡೋಕೆ ಕಾನೂನು ಒಪ್ಪಲ್ಲಮ್ಮ."

"ಕಂಬ ಹತ್ಸೋಕೆ ಒಪ್ಪುತ್ತಾ?"

ಹೆಲ್ಪರ್‌ಗಳಲ್ಲಿ ಯಾರೋ ಕಿಸಕ್ಕೆಂದರು. ಕಂಟ್ರಾಕ್ಟರ್ ಕೆಂಡವಾದ. "ಬೇವರ್ಸಿ, ನಂಗೇ ಕಾನೂನು ಹೇಳ್ತೀಯಾ? ನಾಳೆಯಿಂದ ನಿಂಗೆ ಕೆಲಸ ಇಲ್ಲ!" ಅಷ್ಟರಲ್ಲಿ ಅವನ ಫೋನು ಬಡಿದುಕೊಳ್ಳತೊಡಗಿತು. ಕಾರ್ಖಾನೆಯವರು.

ನಾನು ಬೆಲ್ಟ್ ಬಿಚ್ಚಿ ಭಾಮೈದನ ತೊಡೆಯ ಮೇಲೆ ಹಾಕಿದೆ. "ಕಾನೂನಿನ ಪ್ರಕಾರ ನೀವೇ ಹತ್ಬೇಕು. ಹತ್ತಿ."

"ಇವತ್ತೊಂದಿನ ಹತ್ತೋ ಮಾರಾಯ," ಅಂದ ಕಂಟ್ರಾಕ್ಟರ್. "ಕೀಲಿ ಇಲ್ಲಿ ಕೊಡು."

ಭಾಮೈದ ಕರಕಲು ಚರ್ಮ ನೋಡಿದ. ಬಡಿದುಕೊಳ್ಳುತ್ತಿದ್ದ ಫೋನು ನೋಡಿದ. ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎದೆಗೊತ್ತಿಕೊಂಡ.

"ಕೊಡಲ್ಲ ಭಾವ. ಹತ್ತೋದು ನಾನಾದ್ರೆ ಕೀಲಿ ನನ್ನ ಜೇಬಲ್ಲೇ ಇರ್ಬೇಕು. ನಂಗೂ ಮಕ್ಕಳಿದಾರೆ."

ಸತ್ತವನಿಗೂ ಮಕ್ಕಳಿದ್ದರು.

ಕಂಟ್ರಾಕ್ಟರ್ ಬೆಲ್ಟ್ ಕಿತ್ತುಕೊಂಡು ಹೆಲ್ಪರ್‌ಗಳ ಮುಂದೆ ಎಸೆದ. "ಕೀಲಿ ಗೀಲಿ ಕೇಳದೆ ಹತ್ತೋನಿಗೆ ಖಾಯಂ ಕೆಲಸ! ಯಾವನು ಬರ್ತೀರೋ ಬನ್ರೋ!"

ಹಿಂದಿನಿಂದ ಒಬ್ಬ ಬಂದು ಬಗ್ಗಿದ. ಸತ್ತವನ ಅಣ್ಣ.

ನಾನು ಬೆಲ್ಟಿನ ಮೇಲೆ ಕಾಲಿಟ್ಟೆ.

"ಕಾಲು ತೆಗಿ ತಾಯಿ," ಅಂದ ಅವನು, ತಲೆ ಎತ್ತದೆ. "ಈಗ ಎರಡು ಮನೆಯವರೂ ನನ್ನ ತಲೆ ಮೇಲಿದಾರೆ."

ಅವನು ಬೆಲ್ಟಿನ ತುದಿ ಹಿಡಿದು ಎಳೆಯುತ್ತಿದ್ದ. ನಾನು ಕಾಲು ತೆಗೆಯಲಿಲ್ಲ.