ಒಂದು ಗೇಣು

ಆ ಓಣಿಯೊಳಗೆ ಲಾರಿ ಹಿಡಿಸುತ್ತದೆ ಎಂದು ಮೊದಲು ಹೇಳಿದ ಪುಣ್ಯಾತ್ಮ ಯಾರೋ, ಅವನನ್ನು ಕರೆತಂದು ಒಮ್ಮೆ ಅಲ್ಲಿ ರಿವರ್ಸ್ ಹೊಡೆಸಬೇಕು. ಎರಡೂ ಕಡೆ ಗೋಡೌನಿನ ಗೋಡೆ, ಹಿಂದಕ್ಕೆ ಇಳಿಜಾರು, ಇಳಿಜಾರಿನ ಕೊನೆಗೆ ಸರಕು ಇಳಿಸುವ ಕಟ್ಟೆ. ಪಕ್ಕದ ಕನ್ನಡಿಗಳೆರಡನ್ನೂ ಮಡಚಿದರಷ್ಟೇ ಲಾರಿ ಒಳಗೆ ಹೋಗುತ್ತಿತ್ತು. ಮಡಚಿದ ಮೇಲೆ ಡ್ರೈವರು ಕುರುಡನೇ, ಹಿಂದೆ ನಿಂತವರು ಹೇಳಿದಂತೆ ಹೋಗಬೇಕು.

ಅವತ್ತು ಹಿಂದೆ ನಿಂತಿದ್ದವಳು ಅವನ ಹೆಂಡತಿ. ಅವಳೋ ಬೆಳಿಗ್ಗೆಯಿಂದ ಗಂಡನ ಜೊತೆ ಮಾತು ಬಿಟ್ಟಿದ್ದಳು.

ಕ್ಲೀನರ್ ಕೈಕೊಟ್ಟು ಹೋದ ಮೇಲೆ, ಬೇರೆಯವನು ಸಿಗುವ ತನಕ ನಾನೇ ಬರುತ್ತೇನೆ ಎಂದು ಲಾರಿ ಹತ್ತಿದವಳು ಅವಳು. ಮತ್ತೆ ಇಳಿಯಲೇ ಇಲ್ಲ. ಬಾಯಿ ಒಂದು ಗಳಿಗೆ ಸುಮ್ಮನಿರದ ಕಾರಣ ಲೋಡಿಂಗ್ ಯಾರ್ಡಿನವರೆಲ್ಲ ಅವಳನ್ನು ‘ರೇಡಿಯೋ’ ಎನ್ನುತ್ತಿದ್ದರು. ಗಂಡನಿಗೆ ‘ಮೊಂಡ’ ಎಂದು ಹೆಸರಿಟ್ಟಿದ್ದರು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ದಿನವೇ ಅವನು ಅವಳಿಗೆ ಪಾಠ ಹೇಳಿದ್ದ. “ರಿವರ್ಸ್ ತಗೊಳ್ಳುವಾಗ ‘ಬರ್ಲಿ ಬರ್ಲಿ’ ಅಂತ ಕೂಗ್ತಾನೇ ಇರ್ಬೇಕು. ದನಿ ನಿಂತ್ರೆ ನಾನು ನಿಂತೆ. ನೀನು ಚಕ್ರದ ಕೆಳಗಿದೀಯ ಅಂತಲೇ ತಿಳ್ಕೊಂಡು ಬ್ರೇಕ್ ಒತ್ತೋದು.”

“ಒಳ್ಳೆ ಮಾತು ಆಡ್ರಿ, ಮೊದಲ ದಿನ!” ಎಂದು ಅವಳು ಬೈದಿದ್ದಳು.

ಜಗಳ ಹೆದ್ದಾರಿಯಲ್ಲಿ ಆಗಿತ್ತು. ರಾತ್ರಿಯೆಲ್ಲ ಓಡಿಸಿದವನ ಕಣ್ಣು ಬಿಸಿಲೇರುವ ಹೊತ್ತಿಗೆ ಎಳೆಯತೊಡಗಿತ್ತು. ತುಂಬಿದ ಲಾರಿ ರಸ್ತೆಯಂಚಿಗೆ ವಾಲಿದ್ದೇ ತಡ, ಅವಳು ಚೀರಿ ಸ್ಟೇರಿಂಗಿಗೆ ಕೈಹಾಕಿದ್ದಳು.

“ನಿದ್ದೆ ಮಾಡಿದ್ರಿ!”

“ಯಾರು? ಬಿಸಿಲು ಕಣ್ಣಿಗೆ ಹೊಡೀತು ಅಷ್ಟೆ.”

“ಸುಳ್ಳು ಹೇಳ್ಬೇಡಿ. ಸೈಡಿಗೆ ಹಾಕಿ, ಸ್ವಲ್ಪ ಮಲಗಿ.”

“ಗಾಡಿ ಓಡಿಸೋದು ನೀನು ನಂಗೆ ಕಲಿಸ್ತೀಯಾ? ಬಾಯಿ ಮುಚ್ಕೊಂಡು ಕೂತ್ಕೋ.”

“ಆಯ್ತು. ಮುಚ್ಕೊಂಡೆ.”

ಮುಚ್ಚಿದಳೆಂದರೆ ಮುಚ್ಚಿದಳು. ದಾರಿಯುದ್ದಕ್ಕೂ ತುಟಿ ಪಿಟಕ್ ಎನ್ನಲಿಲ್ಲ. ಅವನು ಕೆಮ್ಮಿದಾಗ ನೀರಿನ ಬಾಟಲಿ ಮುಚ್ಚಳ ತೆಗೆದು ಮುಂದೆ ಹಿಡಿದಳು, ಮುಖ ಮಾತ್ರ ಕಿಟಕಿಯ ಕಡೆಗೇ. ಅವನ ತಲೆ ತೂಗಿದಂತೆ ಕಂಡಾಗಲೆಲ್ಲ ಡ್ಯಾಶ್‌ಬೋರ್ಡಿಗೆ ಟಪ್ಪೆಂದು ಬಡಿದಳು. ಅಬ್ಬಾ, ಅವಳ ಮಾತಿಗಿಂತ ಆ ಮೌನವೇ ಅವನ ತಲೆ ತಿಂದಿತ್ತು.

ಓಣಿಯಲ್ಲೂ ಅದೇ ಹಟ. ‘ಬರ್ಲಿ’ ಎನ್ನುವ ಬದಲು ಲಾರಿಯ ಹಿಂಬದಿಯ ಹಲಗೆಗೆ ಅಂಗೈಯಿಂದ ಬಡಿಯತೊಡಗಿದಳು. ಎರಡು ಏಟು ಬಿದ್ದರೆ ಬಾ, ಒಂದು ಬಿದ್ದರೆ ನಿಲ್ಲು. ಧಡ್ ಧಡ್. ಅವನು ಬ್ರೇಕ್ ಸಡಿಲಿಸಿ ಸಡಿಲಿಸಿ ಇಳಿಯುತ್ತಿದ್ದ. ಹಿಂದೆ ಲಾರಿ ತುಂಬ ಸಿಮೆಂಟಿನ ಮೂಟೆ. ಓಣಿಯ ಬಾಯಲ್ಲಿ ಸಾಲುಗಟ್ಟಿದ ಲಾರಿಗಳು ಹಾರನ್ ಹೊಡೆದು ಹೊಡೆದು ಕಿವಿ ತೂತು ಮಾಡುತ್ತಿದ್ದವು. ಹಮಾಲರು ಅಲ್ಲೇ ಟೀ ಕುಡಿಯುತ್ತಿದ್ದರು, ಕಟ್ಟೆಯ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. ಗೋಡೌನಿನ ಸೂಪರ್‌ವೈಸರು ಲಾರಿಯ ಮೂತಿಯೆದುರು ನಿಂತು, ಹಿಂದಿನದೆಲ್ಲ ತನಗೇ ಕಾಣುತ್ತಿದೆ ಎನ್ನುವಂತೆ ಕೈ ಬೀಸುತ್ತಿದ್ದ.

ಧಡ್ ಧಡ್. ಧಡ್ ಧಡ್.

ಆಮೇಲೆ ಏನೂ ಇಲ್ಲ.

ಅವನ ಕಾಲು ತಾನಾಗಿ ಬ್ರೇಕ್ ಒತ್ತಿತು. ಕಿವಿಗೊಟ್ಟು ಕಾದ. ಎರಡೂ ಇಲ್ಲ, ಒಂದೂ ಇಲ್ಲ.

“ಏನೇ! ಬರ್ಲಾ?”

ಹಾರನ್ನಿನ ಗದ್ದಲವಷ್ಟೇ ಕೇಳಿತು.

“ಯಾಕಪ್ಪಾ ನಿಂತೆ?” ಎಂದು ಸೂಪರ್‌ವೈಸರು ರೇಗಿದ. “ಇನ್ನೂ ಜಾಗ ಇದೆ, ಬಾ ಬಾ! ನಿನ್ನಿಂದ ಎಲ್ಲರ ಕೆಲಸಾನೂ ಕೆಟ್ಟೋಯ್ತು!”

ಅವನ ಪಿತ್ತ ನೆತ್ತಿಗೇರಿತು. ಇವಳ ಮುನಿಸಿಗೆ ಹೊತ್ತುಗೊತ್ತು ಬೇಡವೇ? ಮಾತು ಬಿಟ್ಟಾಯಿತು, ಈಗ ಬಡಿಯುವುದನ್ನೂ ಬಿಟ್ಟಳಲ್ಲ! ಇರಲಿ, ನಿನ್ನ ಹಂಗಿಲ್ಲದೆಯೂ ನಿಲ್ಲಿಸಬಲ್ಲೆ ಎಂದುಕೊಂಡು ಕಾಲು ಎತ್ತಿದ. ಲಾರಿ ಮೆಲ್ಲಗೆ ಹಿಂದಕ್ಕೆ ಉರುಳಿತು.

ಉರುಳಿದ ಕ್ಷಣವೇ ನೀರಿನ ಬಾಟಲಿ ನೆನಪಾಯಿತು. ಡ್ಯಾಶ್‌ಬೋರ್ಡಿಗೆ ಬಿದ್ದ ಟಪ್ ಎಂಬ ಏಟು ನೆನಪಾಯಿತು. ಬೆಳಿಗ್ಗೆಯಿಂದ ಅವಳು ಮುನಿದದ್ದು ಬಾಯಲ್ಲಿ ಮಾತ್ರ. ಕೈ ಎಲ್ಲಿ ಮುನಿದಿತ್ತು? ಮದುವೆಯಾದ ಇಷ್ಟು ಕಾಲದಲ್ಲಿ ಅವಳ ಕೈ ಯಾವತ್ತಾದರೂ ಮುನಿದದ್ದುಂಟೇ?

ಬ್ರೇಕನ್ನು ತುಳಿದೇ ತುಳಿದ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಬೀಗದ ಕೈಯನ್ನು ಕಿತ್ತುಕೊಂಡ. ಬಾಗಿಲು ತೆರೆದರೆ ಗೋಡೆಗೆ ಬಡಿಯಿತು. ಕಿಟಕಿಯಿಂದ ಮೈ ತೂರಿಸಿ, ಅಂಗಿ ಹರಿದುಕೊಂಡು ಕ್ಯಾಬಿನ್ನಿನ ಮೇಲೆ ಹತ್ತಿದ. ಟಾರ್ಪಾಲಿನ ಮೇಲೆ ಎದ್ದುಬಿದ್ದು ಓಡಿದ. ದೇವರೇ, ಅವಳು ಬೈಯಲಿ, ಬಾಯಿಗೆ ಬಂದಂತೆ ಬೈಯಲಿ.

ತುದಿಗೆ ಬಂದು ಬಗ್ಗಿ ನೋಡಿದ. ಚರಂಡಿಯ ಮೇಲಿನ ಕಲ್ಲುಚಪ್ಪಡಿ ಮುರಿದಿತ್ತು. ಅವಳ ಒಂದು ಕಾಲು ತೊಡೆಯ ತನಕ ಅದರೊಳಗೆ ಸಿಕ್ಕಿಕೊಂಡಿತ್ತು. ಬೀಳುವಾಗ ಎದೆ ಕಲ್ಲಿಗೆ ಬಡಿದು ಉಸಿರೇ ಕಟ್ಟಿಹೋಗಿತ್ತು. ಬಾಯಿ ತೆರೆದೇ ಇದ್ದರೂ ದನಿ ಹೊರಡುತ್ತಿರಲಿಲ್ಲ. ಹಲಗೆಯ ಕಡೆಗೆ ಚಾಚಿದ ಕೈ ಅದನ್ನು ಮುಟ್ಟಿರಲಿಲ್ಲ. ಲಾರಿಯ ಕೆಳಕ್ಕೆ ಚಾಚಿದ್ದ ಅವಳ ಇನ್ನೊಂದು ಕಾಲಿನ ಪಕ್ಕದಲ್ಲೇ ಹಿಂದಿನ ಚಕ್ರ ಬಂದು ನಿಂತಿತ್ತು.

ಅವನು ಧುಮುಕಿ, ಕಂಕುಳಿಗೆ ಕೈಕೊಟ್ಟು ಎಳೆದ. ಅವನ ಕೂಗು ಕೇಳಿ ಹಮಾಲರು ಲಾರಿಯ ಕೆಳಗಿನಿಂದ ತೆವಳಿಕೊಂಡು ಬಂದು ಕಲ್ಲು ಸರಿಸಿದರು. ಕಟ್ಟೆಯ ಮೇಲೆ ಕೂರಿಸಿದಾಗ ಅವಳ ಕಾಲು ತರಚಿ ರಕ್ತ ಸುರಿಯುತ್ತಿತ್ತು, ಮೂಳೆ ಮುರಿದಿರಲಿಲ್ಲ. ಉಸಿರು ತಿರುಗಿ ಬಂತು. ಅವನನ್ನೇ ನೋಡುತ್ತಿದ್ದಳು.

ಆಮೇಲೆ ಹೆಬ್ಬೆರಳು ಕಿರುಬೆರಳು ಅಗಲಿಸಿ ಒಂದು ಗೇಣು ತೋರಿಸಿದಳು.

“ನನ್ನ ಕೈ ನಿಂತ ಮೇಲೂ ಇಷ್ಟು ಬಂದ್ರಿ.”

ಅಷ್ಟರಲ್ಲಿ ತೆವಳಿ ಬಂದಿದ್ದ ಸೂಪರ್‌ವೈಸರು, ಬೆವರು ಒರೆಸಿಕೊಳ್ಳುತ್ತ ನಡುವೆ ಬಾಯಿಹಾಕಿದ. “ಇಳಿಜಾರಲ್ವೇನಮ್ಮಾ, ಗಾಡಿ ಜಾರಿರುತ್ತೆ. ಅವನ ತಪ್ಪೇನಿಲ್ಲ.”

ಎಂಥ ಒಳ್ಳೆಯ ಸುಳ್ಳು! ಬೆಳಿಗ್ಗೆಯ ಬಿಸಿಲಿನ ನೆವದ ಹಾಗೆ ಕೈಗೇ ಬಂದು ಸಿಕ್ಕಿತ್ತು. ಹೂಂ ಎಂದರೆ ಸಾಕಿತ್ತು, ಅವಳೂ ನಂಬುತ್ತಿದ್ದಳೋ ಏನೋ.

“ಜಾರಲಿಲ್ಲ,” ಎಂದ ಅವನು. “ನಾನೇ ಬಿಟ್ಟೆ. ನಿನಗೆ ಸಿಟ್ಟು, ಅದಕ್ಕೇ ಬಡೀತಿಲ್ಲ ಅಂದ್ಕೊಂಡೆ.”

ಅವಳು ಕಣ್ಣು ಕೀಳಲಿಲ್ಲ. “ಬೆಳಿಗ್ಗೆ?”

“ನಿದ್ದೆ ಹೋಗಿದ್ದೆ.”

ಹೇಳಿ ಮುಗಿಸಿದವನೇ ಮುಷ್ಟಿಯಲ್ಲಿದ್ದ ಬೀಗದ ಕೈಯನ್ನು ಅವಳ ಮಡಿಲಿಗೆ ಹಾಕಿದ. “ನೀನು ಕೊಡೋ ತನಕ ಮುಟ್ಟಲ್ಲ,” ಎಂದು, ಆ ಸಿಮೆಂಟಿನ ಧೂಳಿನಲ್ಲೇ ಅವಳ ಪಕ್ಕ ಕುಸಿದು ಕೂತ. ಗೋಡೆಗೆ ತಲೆ ಆನಿಸಿದ್ದಷ್ಟೇ, ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಓಣಿಯ ಬಾಯಲ್ಲಿ ಮತ್ತೆ ಹಾರನ್ ಕಿರುಚಿತು. ಅವಳು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೋಯುವ ಎದೆಯನ್ನು ಒತ್ತಿ ಹಿಡಿದು, ಇಡೀ ಗೋಡೌನಿಗೆ ಕೇಳುವಂತೆ ಕೂಗಿದಳು.

“ಏಯ್, ಯಾವನೋ ಅದು ಹಾರನ್ನು? ನಮ್ಮೋರು ಮಲಗಿದಾರೆ, ಕಾಣ್ಸಲ್ವಾ?”