ಏಳನೆಯ ಕೊಂಡಿ

ಮೂವತ್ನಾಲ್ಕು ವರ್ಷ ಕರೆಂಟಿನ ಕಂಬ ಹತ್ತಿ ಇಳಿದವನು ನಾನು. ಇಳಕಲ್ಲಿನ ಸುತ್ತಲಿನ ಹಳ್ಳಿಗಳಲ್ಲಿ ಲೈನ್‌ಮನ್ ಕಾಶಪ್ಪ ಅಂದರೆ ಇವತ್ತಿಗೂ ಕರೆದು ಕುರ್ಚಿ ಕೊಡುತ್ತಾರೆ. ಹತ್ತುವ ಸಾಮಾನಿನ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ಸಿಟ್ಟು ನೆತ್ತಿಗೇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ನನ್ನ ಮಾನ ಅಷ್ಟೇನೂ ಉಳಿಯುವುದಿಲ್ಲ.

ನಿವೃತ್ತನಾದ ಮರುವರ್ಷ ನನ್ನ ಕಿವಿಯೊಳಗೆ ಏನೋ ಕೆಟ್ಟಿತು. ಕತ್ತೆತ್ತಿ ಮೇಲೆ ನೋಡಿದರೆ ಮನೆಯೆಲ್ಲ ಗಿರ್ರನೆ ತಿರುಗುತ್ತದೆ. ದವಾಖಾನೆಯಲ್ಲಿ ಡಾಕ್ಟರು ಇನ್ನು ಮೇಲೆ ಸ್ಟೂಲು ಸಹ ಹತ್ತಕೂಡದು ಅಂದರು. ನನ್ನ ಹೆಂಡತಿ ಇಂದ್ರಾಬಾಯಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಸಾಲದ್ದಕ್ಕೆ ಮಗಳು ಐಶ್ವರ್ಯ ಬಾದಾಮಿಯಿಂದ ಫೋನು ಮಾಡಿ, ನಾನು ಹತ್ತುವುದಿಲ್ಲವೆಂದು ಆಣೆ ಮಾಡಿಸಿಕೊಂಡಳು. ಮಾಡಿದೆ. ಬಾಯಿಂದ ಮಾಡಿದ ಆಣೆ, ಮನಸ್ಸಿನಿಂದ ಮಾಡಿದ್ದಲ್ಲ.

ಆದರೆ ಮನೆ ಕೇಳಬೇಕಲ್ಲ. ನಮ್ಮದು ಹಳೆಯ ಮಾಳಿಗೆ ಮನೆ. ಪಡಸಾಲೆಯ ನಡುವೆ ಮೇಲೊಂದು ಬೆಳಕಿಂಡಿ ಇದೆ, ಅದಕ್ಕೊಂದು ತಗಡಿನ ಮುಚ್ಚಳ. ಮಳೆ ಬಂದರೆ ಒಳಗಿನಿಂದ ಹತ್ತಿ ಅದನ್ನು ಎಳೆದು ಮುಚ್ಚಬೇಕು, ಹೊಳವಾದ ಮೇಲೆ ಮತ್ತೆ ಹತ್ತಿ ತೆರೆಯಬೇಕು. ಆ ಬೆಳಕಿಂಡಿಯ ಕೆಳಗೇ ಇಂದ್ರಾಬಾಯಿ ಕೂತು ಕೆಲಸ ಮಾಡುವುದು. ಇಳಕಲ್ಲ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹರಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಸಿಕ್ಕಿಸಿ ಎರಡನ್ನೂ ಜೋಡಿಸುವುದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಸಾವಿರಾರು ಎಳೆ, ಸಾವಿರಾರು ಕೊಂಡಿ. ಒಂದು ತಪ್ಪಿದರೂ ಮಗ್ಗದ ಮೇಲೆ ಸೆರಗು ಅಲ್ಲಿಂದಲೇ ಬಿಚ್ಚುತ್ತದೆ. ನಮ್ಮ ಓಣಿಯ ನೇಕಾರರು ರೇಷ್ಮೆಯ ಸೆರಗಿದ್ದರೆ ಬೇರೆ ಯಾರಿಗೂ ಕೊಡದೆ ನಮ್ಮ ಮನೆಗೇ ತರುತ್ತಾರೆ. ಹಾಸು ಹರಡಿದ ದಿನ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದರ ಮೇಲೆ ನಾಲ್ಕು ಹನಿ ಬಿದ್ದರೂ ಪರರ ರೇಷ್ಮೆ ಹಾಳು.

ಇಷ್ಟು ವರ್ಷ ನೆರೆಮನೆಯ ಖಾಸಿಂಸಾಬನ ಬಿದಿರಿನ ನಿಚ್ಚಣಿಕೆ ತಂದು ನಾನೇ ಹತ್ತುತ್ತಿದ್ದೆ. ಈ ಬೇಸಿಗೆಯಲ್ಲಿ ಅದರ ಕಾಲಿಗೆ ಗೆದ್ದಲು ಹಿಡಿದು, ಖಾಸಿಂಸಾಬ ಅದನ್ನು ಕಡಿದು ಬಚ್ಚಲ ಒಲೆಗೆ ಹಾಕಿದ. ಹೊಸ ಬಿದಿರಿನದು ತರೋಣವೆಂದರೆ ಇಂದ್ರಾಬಾಯಿ ಒಪ್ಪಲಿಲ್ಲ. ಉದ್ದನೆಯ ನಿಚ್ಚಣಿಕೆ ಬಾಗಿಲಿನಿಂದ ಒಳಗೆ ತರುವಾಗಲೇ ಹಾಸಿನ ಎಳೆಗಳಿಗೆ ತಾಗುತ್ತದೆ, ಇಡುವುದಕ್ಕೆ ಮೂಲೆಯೂ ಇಲ್ಲ ಅಂದಳು. ಐಶ್ವರ್ಯ ಫೋನಿನಲ್ಲಿ ಒಂದು ಚಿತ್ರ ಕಳಿಸಿದಳು. ಅಲ್ಯೂಮಿನಿಯಂ ನಳಿಗೆಗಳು ಒಂದರೊಳಗೊಂದು ಸೇರಿ ಕುಗ್ಗುವ ನಿಚ್ಚಣಿಕೆ. ಎಳೆದರೆ ಮಾಳಿಗೆ ಮುಟ್ಟುತ್ತದೆ, ಕುಗ್ಗಿಸಿದರೆ ಮಂಚದ ಕೆಳಗೆ ಹೋಗುತ್ತದೆ. ಅಲ್ಯೂಮಿನಿಯಂ ಅಂದರೆ ಕರೆಂಟಿಗೆ ನೆಂಟ, ಬಲ್ಬು ಬದಲಿಸುವಾಗ ಮೇನ್ ತೆಗೆಯದೆ ಯಾರೂ ಮುಟ್ಟಕೂಡದು ಎಂದು ನಾನು ಮೊದಲೇ ಷರತ್ತು ಹಾಕಿದೆ. ಇಂದ್ರಾಬಾಯಿ ಹೂಂ ಅಂದಳು. ಹತ್ತುವವಳು ತಾನೇ ಅಂತಲೂ ಅಂದಳು. ಅದಕ್ಕೆ ನಾನು ಹೂಂ ಅನ್ನಲಿಲ್ಲ.

ನಿಜ ಹೇಳುತ್ತೇನೆ. ನನ್ನ ಲೆಕ್ಕಾಚಾರವೇ ಬೇರೆ ಇತ್ತು. ನಿಚ್ಚಣಿಕೆ ಮನೆಗೆ ಬರಲಿ, ಇವಳು ಬಾವಿಕಟ್ಟೆಗೋ ಸಂತೆಗೋ ಹೋದಾಗ ನಾನೇ ಹತ್ತಿ ತೋರಿಸುತ್ತೇನೆ, ತಲೆ ತಿರುಗಿದರೆ ತಿರುಗಲಿ ಎಂದುಕೊಂಡಿದ್ದೆ. ಕಂಬ ಹತ್ತಿದ ಗಂಡಸು ಕೆಳಗೆ ನಿಂತು, ಹೆಂಡತಿ ಮೇಲೆ ಹತ್ತುವುದೆಂದರೆ ಓಣಿಯವರು ನಗದೆ ಬಿಡುತ್ತಾರೆಯೇ?

ಮೃಗಶಿರ ಮಳೆಗೆ ಎರಡು ದಿನ ಮೊದಲು ಹುನಗುಂದದ ಮೇಲೆ ಹಾಯ್ದು ಬಾಗಲಕೋಟೆಗೆ ಹೋದೆವು. ಇಳಕಲ್ಲಿನ ಅಂಗಡಿಯಲ್ಲಿ ಒಂದೇ ನಮೂನೆ ಇತ್ತು. ನಾಲ್ಕು ನೋಡದೆ ಕೊಳ್ಳುವ ಜಾಯಮಾನ ನನ್ನದಲ್ಲ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಬಣ್ಣ, ಗೋಡೆಗೆ ಹಚ್ಚುವ ಪುಟ್ಟಿ, ನಲ್ಲಿ, ಪೈಪು ಮಾರುವ ದೊಡ್ಡ ಅಂಗಡಿ. ಮಾಲಕ ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದ. ಸಾಮಾನು ತೋರಿಸುವವಳು ಖುಶನುಮಾ ಎಂಬ ಹುಡುಗಿ, ಚುರುಕಾದವಳು. ಎತ್ತರ ಎಷ್ಟು ಬೇಕು ಎಂದು ಕೇಳಿದಳು. ನಾನು ಹದಿನಾಲ್ಕು ಫೂಟು ಅಂದೆ. ನಮ್ಮ ಮಾಳಿಗೆ ಹದಿನಾಲ್ಕು ಫೂಟು ಎಂದು ನಮ್ಮಪ್ಪ ಸಾಯುವವರೆಗೂ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಇಂದ್ರಾಬಾಯಿ ಮೆಲ್ಲಗೆ, ತಾನು ಕೋಲಿಗೆ ಸೀರೆ ಕಟ್ಟಿ ಎತ್ತಿ ಹಿಡಿದು ಅಳೆದಿದ್ದೇನೆ, ಎಂಟು ಗಜದ ಸೀರೆಯ ಅರ್ಧಕ್ಕೆ ಎರಡು ಮೊಳ ಕಡಿಮೆ ಬಂತು ಅಂದಳು. ಖುಶನುಮಾ ಬೆರಳು ಮಡಚಿ ಲೆಕ್ಕ ಹಾಕಿ, ಒಂಬತ್ತು ಫೂಟು ಆಯಿತು ಅಂದಳು. ನಮ್ಮಪ್ಪ ಹೀಗೆ ಸತ್ತ ಮೇಲೆ ಐದು ಫೂಟು ಕುಗ್ಗಿದ.

ಆದರೂ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹದಿಮೂರು ಮೆಟ್ಟಿಲಿನ ಒಂದು ನಿಚ್ಚಣಿಕೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನೇ ಎಳೆಸಿ ಅಂಗಡಿಯ ಕಂಬಕ್ಕೆ ಒರಗಿಸಿದೆ. ಅಲುಗಾಡಿಸಿದೆ, ಕಾಲಿಗೆ ಒದ್ದೆ, ಮೊದಲ ಮೆಟ್ಟಿಲ ಮೇಲೆ ಭಾರ ಹಾಕಿ ನೋಡಿದೆ. ಗಟ್ಟಿ ಇದೆ, ಕಟ್ಟು ಅಂದೆ. ಅಷ್ಟರಲ್ಲಿ ಇಂದ್ರಾಬಾಯಿ ಅದನ್ನೊಮ್ಮೆ ಪೂರಾ ಕುಗ್ಗಿಸಿ, ಒಂದೊಂದೇ ಮೆಟ್ಟಿಲು ತೆರೆಯುವಂತೆ ಹುಡುಗಿಗೆ ಹೇಳಿದಳು. ಪ್ರತಿ ಮೆಟ್ಟಿಲಿನ ಎರಡು ತುದಿಗೂ ಒಳಗೆ ಒಂದೊಂದು ಗೂಟ ಇರುತ್ತದೆ. ನಳಿಗೆ ಮೇಲೆ ಬಂದಾಗ ಅದು ತೂತಿನಲ್ಲಿ ಟಕ್ಕನೆ ಬಿದ್ದು ಹಿಡಿಯುತ್ತದೆ. ಅಂಗಡಿಯವರು ಅದನ್ನು ಲಾಕ್ ಅನ್ನುತ್ತಿದ್ದರು. ಇವಳು ಬಾಗಿ ನೋಡಿ, ಇದು ಕೊಂಡಿ ಅಲ್ಲವೇ ಅಂದಳು. ಆಮೇಲೆ ಎರಡು ಕೈಯ ಹೆಬ್ಬೆರಳನ್ನು ಎರಡು ತುದಿಗೆ ಇಟ್ಟು ಕಣ್ಣು ಮುಚ್ಚಿಕೊಂಡಳು.

ಒಂದು ಮೆಟ್ಟಿಲು, ಟಕ್. ಎರಡು, ಟಕ್. ಮಾಲಕ ಹಲ್ಲು ಕಿರಿಯತೊಡಗಿದ. ಸುಣ್ಣ ಕೊಳ್ಳಲು ಬಂದ ಇಬ್ಬರು ನಿಂತು ನೋಡಿದರು. ನನಗೆ ಮುಳ್ಳಿನ ಮೇಲೆ ನಿಂತಂತಾಯಿತು. ಏಳನೆಯದಕ್ಕೆ ಅವಳು ಕೈ ಎತ್ತಿ ನಿಲ್ಲಿಸಿದಳು.

"ಎಡಗಡಿದು ಬರೇ ಬಾಯಿಲೆ ಟಕ್ ಅಂದೈತಿ. ಕೊಂಡಿ ಬಿದ್ದಿಲ್ಲ," ಅಂದಳು.

ಖುಶನುಮಾ ಬಗ್ಗಿ ನೋಡಿ, ಲಾಕ್ ಬಿದ್ದಾಗ ತೋರುವ ಹಸಿರು ಗುರುತು ಕಾಣುತ್ತಿದೆ, ಬಿದ್ದಿದೆ ಅಂದಳು. ನಾನೂ ನೋಡಿದೆ, ಹಸಿರೇ ಇತ್ತು. ನನ್ನ ನಾಲಿಗೆಗೆ ಆ ಹೊತ್ತಿನಲ್ಲಿ ಲಗಾಮು ಇರಲಿಲ್ಲ.

"ಅಂಗಡ್ಯಾಗ ನಿಂತು ಸೀರಿ ನೇಯಬ್ಯಾಡ. ಮೂವತ್ನಾಲ್ಕು ವರ್ಷ ಹತ್ತಿದಾವ ನಾನೋ ನೀನೋ?"

ಅಷ್ಟು ಮಂದಿಯ ಎದುರು ಅಂದುಬಿಟ್ಟೆ. ಅವಳ ಮುಖ ಕೆಂಪಾಯಿತು. ಆದರೆ ಹೆಬ್ಬೆರಳು ತೆಗೆಯಲಿಲ್ಲ.

"ಹತ್ತಿದಾವ್ರು ನೀವು ಖರೆ. ಇನ್ನ ಹತ್ತಾಕಿ ನಾನು. ಹತ್ತೋರು ಆರಸಬೇಕು," ಅಂದಳು.

ದನಿ ಏರಿಸಲಿಲ್ಲ, ಅಳಲಿಲ್ಲ. ಮಾಲಕನ ಕಡೆ ತಿರುಗಿ, ಎರಡು ಪುಟ್ಟಿ ಚೀಲವನ್ನು ಹಗ್ಗದಿಂದ ಕಟ್ಟಿ ಆ ಏಳನೆಯ ಮೆಟ್ಟಿಲಿಗೆ ತೂಗಿಬಿಡಿ ಅಂದಳು. ಮಾಲಕನಿಗೂ ಹಟ ಬಂದಿತ್ತು. ನಿಚ್ಚಣಿಕೆಯನ್ನು ಪೂರಾ ಎಳೆಸಿ ಕಂಬಕ್ಕೆ ಒರಗಿಸಿ ತೂಗಿಸಿದ. ಏನೂ ಆಗಲಿಲ್ಲ. ನೋಡಿದಿರಾ ಅಕ್ಕಾರ ಅಂದ. ನಾನು ಮೀಸೆ ತೀಡುತ್ತ ಹತ್ತಿರ ಹೋದೆ. ಇಂದ್ರಾಬಾಯಿ ಚೀಲವನ್ನು ಅಂಗೈಯಿಂದ ಸ್ವಲ್ಪವೇ ದೂಡಿದಳು, ಮೇಲೆ ನಿಂತವರು ಕಾಲು ಬದಲಿಸುವಾಗ ಭಾರ ಹೊರಳುತ್ತದಲ್ಲ, ಅಷ್ಟೇ. ಖಟ್ಟನೆ ಸದ್ದಾಗಿ ಎಡಗಡೆಯ ನಳಿಗೆ ಒಂದು ಗೇಣು ಜಾರಿತು. ಮೆಟ್ಟಿಲು ವಾರೆಯಾಯಿತು, ನಿಚ್ಚಣಿಕೆಯ ಮೇಲಿನ ಅರ್ಧ ತಿರುಚಿಕೊಂಡು ಕಂಬದಿಂದ ಸರಿಯಿತು, ಚೀಲ ಒಡೆದು ಬಿಳಿ ಪುಡಿಯೆಲ್ಲ ನನ್ನ ಮುಖದ ಮೇಲೆ ಸುರಿಯಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಉಳಿಯಲಿಲ್ಲ.

ಯಾರೂ ನಗಲಿಲ್ಲ. ಮಾಲಕ ಗಲ್ಲೆ ಬಿಟ್ಟು ಎದ್ದು ಬಂದು ಆ ನಿಚ್ಚಣಿಕೆಯನ್ನು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಇಂದ್ರಾಬಾಯಿಗೆ ಕೈ ಮುಗಿದು, ಇದನ್ನು ಕಂಪನಿಗೆ ವಾಪಸು ಕಳಿಸುತ್ತೇನೆ, ಇದರ ಮೇಲೆ ಇವತ್ತು ಯಾರ ಮನೆಯ ದೀಪ ಆರುತ್ತಿತ್ತೋ ಅಂದ. ಯಾರ ಮನೆಯದು ಎಂದು ನನಗೆ ಗೊತ್ತಿತ್ತು. ಒಂಟಿಯಾಗಿ, ಕದ್ದು ಹತ್ತಬೇಕೆಂದಿದ್ದವನು ನಾನು. ಏಳನೆಯ ಮೆಟ್ಟಿಲ ಮೇಲೆ ಕಾಲು ಬದಲಿಸುತ್ತಿದ್ದವನು ನಾನು. ಮುಖ ತೊಳೆಯಲು ನೀರು ಕೊಟ್ಟರು.

ಆಮೇಲೆ ನಾನು ಪುಟ್ಟಿ ಚೀಲದ ಮೇಲೆ ಸುಮ್ಮನೆ ಕೂತು ನೋಡಿದೆ. ಎಂಥ ನೋಟ ಅದು. ಅವಳು ಇನ್ನೂ ಮೂರು ನಿಚ್ಚಣಿಕೆ ಬಿಚ್ಚಿಸಿದಳು. ಪ್ರತಿಯೊಂದರ ಪ್ರತಿ ಕೊಂಡಿಗೂ ಹೆಬ್ಬೆರಳಿಟ್ಟಳು. ಕುಗ್ಗಿಸುವಾಗ ಮೆಟ್ಟಿಲು ಒಂದರ ಮೇಲೊಂದು ಧಡಕ್ಕನೆ ಕೂರುತ್ತದೋ ಮೆಲ್ಲಗೆ ಇಳಿಯುತ್ತದೋ ಎಂದು ನೋಡಿದಳು. ಬೆರಳು ಸಿಕ್ಕರೆ ತನ್ನ ಕಸುಬೇ ಹೋಯಿತು ಎಂದು ಖುಶನುಮಾಗೆ ವಿವರಿಸಿದಳು. ಕಾಲಿಗೆ ಅಡ್ಡಪಟ್ಟಿ ಇರುವುದೇ ಬೇಕು, ನಮ್ಮದು ಕಲ್ಲು ಹಾಸಿದ ನೆಲ, ಜಾರುತ್ತದೆ ಅಂದಳು. ಹತ್ತುವಾಗ ಮೇಲಿನ ಮೂರು ಮೆಟ್ಟಿಲು ಹಿಡಿಯುವುದಕ್ಕೇ ಹೊರತು ನಿಲ್ಲುವುದಕ್ಕಲ್ಲ ಎಂದು ನಾನು ಎಂದೋ ಹೇಳಿದ ಮಾತನ್ನು ನೆನಪಿಟ್ಟು, ಅಷ್ಟು ಬಿಟ್ಟು ಲೆಕ್ಕ ಹಾಕಿದಳು. ಕೊನೆಗೆ ಹನ್ನೊಂದು ಮೆಟ್ಟಿಲಿನದನ್ನು ಆರಿಸಿದಳು. ಹೊಳಪು ಕಡಿಮೆ, ತೂಕ ಸ್ವಲ್ಪ ಹೆಚ್ಚು. ಇಪ್ಪತ್ತೆರಡು ಕೊಂಡಿಯೂ ಒಂದೇ ದನಿಯಲ್ಲಿ ಬಿದ್ದವು. ನನ್ನಂಥ ಅನುಭವಸ್ಥ ಅಂಥದೊಂದು ಪರೀಕ್ಷೆಯನ್ನು ಜನ್ಮದಲ್ಲಿ ಮಾಡಿರಲಿಲ್ಲ. ಹೆಮ್ಮೆಯಿಂದ ಎದೆ ತುಂಬಿತು, ನಾಚಿಕೆಯಿಂದ ತಲೆ ತಗ್ಗಿತು, ಎರಡೂ ಒಟ್ಟಿಗೆ ಆಯಿತು.

ಬಸ್ಸಿನಲ್ಲಿ ಕಂಡಕ್ಟರು, ಇಂದ್ರಾಬಾಯಿಯ ತೊಡೆಯ ಮೇಲಿನ ಚೀಲದಲ್ಲಿರುವುದು ಹಾರ್ಮೋನಿಯಂ ಏನು ಎಂದು ಕೇಳಿದ. ನಿಚ್ಚಣಿಕೆ ಎಂದು ಅವಳು ಹೇಳಿದರೆ ನಂಬಲೇ ಇಲ್ಲ. ಅಮೀನಗಡ ದಾಟುವವರೆಗೆ ನಾನು ಕಿಡಕಿಯಿಂದ ಹೊರಗೆ ನೋಡುತ್ತ ಕೂತಿದ್ದೆ. ಹುನಗುಂದದಲ್ಲಿ ಬಸ್ಸು ನಿಂತಾಗ, ಅಂಗಡಿಯಲ್ಲಿ ಹಾಗೆ ಅನ್ನಬಾರದಿತ್ತು ಅಂದೆ. ಅನ್ನೋದು ನಿಮಗೇನು ಹೊಸದೇ ಎಂದು ಹೇಳಿ ಅವಳು ಶೇಂಗಾ ಸುಲಿದು ನನ್ನ ಕೈಗೆ ಹಾಕಿದಳು. ಕದ್ದು ಹತ್ತುವ ಯೋಚನೆಯನ್ನೂ ಹೇಳಿಬಿಟ್ಟೆ. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು.

ಮೂರನೆಯ ದಿನ ಮಧ್ಯಾಹ್ನ ಮಳೆಯ ಮೋಡ ಕವಿಯಿತು. ಪಡಸಾಲೆಯ ತುಂಬ ಕೆಂಪು ರೇಷ್ಮೆಯ ಹಾಸು, ಕೊಂಡಿ ಅರ್ಧ ಮುಗಿದಿತ್ತು. ಮೊದಲ ಗಾಳಿಗೇ ಧೂಳು ಒಳಗೆ ಸುರಿಯಿತು. ನಾನು ಮಂಚದ ಕೆಳಗಿನಿಂದ ನಿಚ್ಚಣಿಕೆ ಎಳೆದೆ. ಹಾಸಿನ ಎರಡು ಅಂಚಿನ ನಡುವೆ ಇದ್ದ ಒಂದು ಮೊಳ ಜಾಗದಲ್ಲಿ ಅದರ ಕಾಲು ಸರಿಯಾಗಿ ಕೂತಿತು. ಇಂದ್ರಾಬಾಯಿ ಅದರ ಕೊಂಡಿಗಳನ್ನು ಒಂದೊಂದಾಗಿ ಬೀಳಿಸಿ ತೆರೆದು ಬೆಳಕಿಂಡಿಯ ಅಂಚಿಗೆ ಒರಗಿಸಿದಳು, ಸೀರೆಯ ಕಚ್ಚೆ ಬಿಗಿದಳು, ಹತ್ತಿದಳು. ಅರವತ್ತಕ್ಕೆ ಎರಡೇ ವರ್ಷ ಕಡಿಮೆ ಇರುವ ಹೆಂಗಸು, ಹೊಸ್ತಿಲು ದಾಟಿದಷ್ಟು ಸಲೀಸಾಗಿ ಹತ್ತಿದಳು. ನಾನು ಕೆಳಗೆ ಎರಡು ಕೈಯಿಂದ ಹಿಡಿದು ನಿಂತೆ. ಕತ್ತೆತ್ತಿ ನೋಡುವ ಹಾಗಿಲ್ಲ, ತಲೆ ತಿರುಗುತ್ತದೆ. ಅವಳು ಎಲ್ಲಿದ್ದಾಳೆ, ಯಾವ ಮೆಟ್ಟಿಲ ಮೇಲೆ ಕಾಲಿಟ್ಟಳು ಎಂದು ಕೈಗೆ ಬರುವ ಭಾರದಿಂದಲೇ ತಿಳಿಯಬೇಕು. ನನ್ನ ಕೈ ನಡುಗತೊಡಗಿತು. ನಡುಕ ಅಲ್ಯೂಮಿನಿಯಂಗೆ ಹತ್ತಿ ನಿಚ್ಚಣಿಕೆಯೆಲ್ಲ ಕಟಕಟ ಅಂದಿತು. ಮೂವತ್ನಾಲ್ಕು ವರ್ಷದಲ್ಲಿ ಯಾವ ಕಂಬದ ಮೇಲೂ ನಾನು ಅಷ್ಟು ಹೆದರಿರಲಿಲ್ಲ.

ಮೇಲೆ ಮುಚ್ಚಳ ತುಕ್ಕು ಹಿಡಿದು ಬಿಗಿದಿತ್ತು. ಅವಳು ಎಳೆಯುತ್ತಲೇ, ಕೆಳಗೆ ನೋಡದೆ ಅಂದಳು: "ನಡಗಿದ್ರ ನಡಗ್ಲಿ. ಕೈ ಮಾತ್ರ ಬಿಡಬ್ಯಾಡ್ರಿ. ನೀವು ಮ್ಯಾಲ ಇದ್ದಾಗ ಇಷ್ಟು ವರ್ಷ ನಾ ಹಿಂಗ ಹಿಡಿದೇನಿ."

ಖಾಸಿಂಸಾಬನ ಆ ಬಿದಿರನ್ನು ಕೆಳಗೆ ಹಿಡಿದು ನಿಲ್ಲುತ್ತಿದ್ದವಳು ಅವಳೇ. ಅದು ಅಲುಗಿದಾಗಲೆಲ್ಲ ನಾನು ಮೇಲಿನಿಂದ, ನೆಟ್ಟಗೆ ಹಿಡಿಯಲು ಬರುವುದಿಲ್ಲವೇ ಎಂದು ಗದರಿಸುತ್ತಿದ್ದೆ. ಅವಳು ಒಮ್ಮೆಯೂ ಎದುರಾಡಿರಲಿಲ್ಲ, ಒಮ್ಮೆಯೂ ಕೈ ಬಿಟ್ಟಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಹಿಡಿದೆ.

ಮುಚ್ಚಳ ಕಿರ್ರೆಂದು ಬಂದು ಕೂತಿತು. ಪಡಸಾಲೆ ಕತ್ತಲಾಯಿತು, ತಗಡಿನ ಮೇಲೆ ಮಳೆ ರಪರಪ ಹೊಡೆಯಿತು. ಹಾಸಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅವಳು ಕತ್ತಲಲ್ಲಿ ಮೆಟ್ಟಿಲು ತಡವುತ್ತ ಇಳಿಯತೊಡಗಿದಳು. ನಾನು ಸರಿಯದೆ ಹಿಡಿದೇ ನಿಂತಿದ್ದೆ. ಅವಳ ಅಂಗಾಲು ಬಂದು ನನ್ನ ಹಣೆಗೆ ತಾಗಿತು.

"ಶಿವ ಶಿವಾ, ನಿಮಗ ಕಾಲು ತಾಗಿಸಿಬಿಟ್ಟೆ," ಎಂದು ಅವಳು ಅಲ್ಲೇ ಬಗ್ಗಿ, ಪಾಪ ಕಳೆದುಕೊಳ್ಳಲು ನನ್ನನ್ನು ಮುಟ್ಟಿ ನಮಸ್ಕಾರ ಮಾಡಲು ಒಂದು ಕೈ ಬಿಟ್ಟಳು.

"ನಮಸ್ಕಾರ ಬ್ಯಾಡ. ತಾಗಿದ್ದು ಛಲೋನ ಆತು," ಅಂದೆ. "ಎರಡೂ ಕೈಲೆ ಹಿಡಕೊಂಡು ಇಳಿ."